ಏಲಂ ಕೂಗಿದ ಮರುದಿನ: ನಂಬಿಕೆಯನ್ನು ನಟಿಸದೆ ಬದುಕಲು ಕೆಲವು ಹೆಜ್ಜೆಗಳು

ನಮ್ಮ ಕ್ರೈಸ್ತ ಸಭೆಯಲ್ಲಿ ಸುಗ್ಗಿ ಹಬ್ಬ ಅಂದರೆ ದೊಡ್ಡ ಸಂಭ್ರಮ. ಮನೆಮನೆಯಿಂದ ಬಾಳೆಗೊನೆ, ತೆಂಗಿನಕಾಯಿ, ಅಕ್ಕಿ, ಕುಂಬಳಕಾಯಿ, ಊರ ಕೋಳಿ ಎಲ್ಲ ಬರುತ್ತದೆ. ಆರಾಧನೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ಏಲಂ. ಕೆಲವು ವರ್ಷಗಳ ಹಿಂದೆ ಒಂದು ಕುಂಬಳಕಾಯಿ ಏಲಕ್ಕೆ ಬಂತು. ನೂರಕ್ಕೆ ಶುರುವಾಯಿತು. ನಾನು ಮತ್ತು ಇನ್ನೊಬ್ಬರು ಕೂಗುತ್ತಾ ಹೋದೆವು. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ಕೊನೆಗೆ 2,200 ರೂಪಾಯಿಗೆ ನನಗೇ ಬಂತು. ಮೈಕಿನಲ್ಲಿ ನನ್ನ ಹೆಸರು ಹೇಳಿದಾಗ ಎದೆ ತುಂಬಿ ಬಂತು. ದೇವರಿಗೆ ಕೊಟ್ಟ ಖುಷಿ ಇದು ಅಂದುಕೊಂಡೆ.

ಮರುದಿನ ಬೆಳಿಗ್ಗೆ ತೆಂಗಿನ ಮರ ಹತ್ತುವವರು ಅಂಗಳಕ್ಕೆ ಬಂದರು. ಎರಡು ಸಲದ ಕೂಲಿ ಬಾಕಿ ಇತ್ತು, 1,400 ರೂಪಾಯಿ. "ಮಗಳ ಶಾಲೆಗೆ ಕಟ್ಟಲಿಕ್ಕಿತ್ತು, ಇದ್ದರೆ ಕೊಡಿ" ಅಂದರು. "ಈಗ ಕೈಯಲ್ಲಿಲ್ಲ ಮಾರಾಯಾ, ಬರುವ ವಾರ ನೋಡುವ" ಅಂದೆ. ಅವರು ತಲೆಯಾಡಿಸಿ ಹೊರಟುಹೋದರು. ಅಮ್ಮ ಜಗಲಿಯಲ್ಲಿ ಕೂತು ಅದೇ ಕುಂಬಳಕಾಯಿ ಹೆಚ್ಚುತ್ತಿದ್ದರು. ಮೆಟ್ಟುಕತ್ತಿಯಿಂದ ಕಣ್ಣೆತ್ತದೆ "ನಿನ್ನೆ ಇತ್ತಲ್ಲ ಮಗಾ" ಅಂದರು.

ಅಷ್ಟೇ. ಬೇರೇನೂ ಹೇಳಲಿಲ್ಲ. ಅದೇ ವಾರ ಬೈಬಲಿನಲ್ಲಿರುವ ಯಾಕೋಬನ ಪತ್ರಿಕೆ ಓದುತ್ತಿದ್ದೆ. 5ನೇ ಅಧ್ಯಾಯದ 4ನೇ ವಚನಕ್ಕೆ ಬಂದಾಗ ಮುಂದೆ ಓದಲಾಗಲಿಲ್ಲ. ಹೊಲ ಕೊಯ್ದವರಿಗೆ ನೀವು ಕೊಡದೆ ಹಿಡಿದಿಟ್ಟ ಕೂಲಿಯೇ ಕೂಗುತ್ತಿದೆ, ಕೊಯ್ದವರ ಕೂಗು ದೇವರ ಕಿವಿಗೆ ಮುಟ್ಟಿದೆ ಅನ್ನುತ್ತಾನೆ ಯಾಕೋಬ. ಸುಗ್ಗಿ ಹಬ್ಬದಲ್ಲಿ ನಾನು ಕೂಗಿದ್ದೂ ಕೂಗೇ. ದೇವರಿಗೆ ಕೇಳಿಸಿದ್ದು ಯಾವುದು ಅಂತ ಆವತ್ತು ಗೊತ್ತಾಯಿತು.

ಅಲ್ಲಿಂದ ಶುರುವಾಗಿ ಇವತ್ತಿನವರೆಗೆ ನಾನು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ನಮ್ಮ ನಂಬಿಕೆ ನಿಜವೋ ನಟನೆಯೋ ಅಂತ ನಮ್ಮ ಕೈಕೆಳಗೆ ದುಡಿಯುವವರಿಗೆ ಗೊತ್ತಿರುತ್ತದೆ. ನಮ್ಮ ಜೊತೆ ಒಂದೇ ಸೂರಿನಡಿ ಇರುವವರಿಗೂ ಗೊತ್ತಿರುತ್ತದೆ. ಹಾಗಾಗಿ ಈ ಹೆಜ್ಜೆಗಳೆಲ್ಲ ಅವರ ಕಡೆಯಿಂದಲೇ ಶುರುವಾಗುತ್ತವೆ.

ಮೊದಲು ಒಂದು ಪದದ ವಿಷಯ

ಮತ್ತಾಯ 6ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಮೂರು ವಿಷಯ ಎತ್ತುತ್ತಾರೆ: ದಾನ, ಪ್ರಾರ್ಥನೆ, ಉಪವಾಸ. ಮೂರೂ ಒಳ್ಳೆಯ ಕೆಲಸಗಳು. ಆದರೆ ಜನ ನೋಡಲಿ ಅಂತ ಮಾಡುವವರನ್ನು ಕಪಟಿಗಳು ಅನ್ನುತ್ತಾರೆ. ನಮ್ಮ ಸತ್ಯವೇದದಲ್ಲಿ ಕಪಟಿ ಅಂತ ಇರುವ ಕಡೆ ಮೂಲ ಗ್ರೀಕಿನಲ್ಲಿರುವ ಪದ ಹುಪೊಕ್ರಿಟೇಸ್. ರಂಗದ ಮೇಲೆ ಮುಖವಾಡ ಹಾಕಿ ಪಾತ್ರ ಮಾಡುವವನಿಗೆ ಆ ಹೆಸರಿತ್ತು.

ಕರಾವಳಿಯವರಿಗೆ ಇದು ಬೇಗ ಅರ್ಥವಾಗುತ್ತದೆ. ಯಕ್ಷಗಾನದ ವೇಷಧಾರಿ ರಾತ್ರಿಯಿಡೀ ರಾಜನಾಗಿ ಕುಣಿಯುತ್ತಾನೆ. ಬೆಳಗಾಗುವಾಗ ಚೌಕಿಗೆ ಬಂದು, ತೆಂಗಿನೆಣ್ಣೆ ಹಚ್ಚಿ ಬಣ್ಣ ಒರೆಸಿಕೊಳ್ಳುತ್ತಾನೆ. ಅದು ವೇಷ ಅಂತ ಅವನಿಗೂ ಗೊತ್ತು, ನೋಡುವವರಿಗೂ ಗೊತ್ತು. ಅದರಲ್ಲಿ ಮೋಸ ಇಲ್ಲ. ನಮ್ಮ ಕಷ್ಟ ಬೇರೆ. ವೇಷ ಹಾಕಿದ್ದೇವೆ ಅನ್ನುವುದೇ ನಮಗೆ ಮರೆತುಹೋಗಿರುತ್ತದೆ.

ಅದೇ ಅಧ್ಯಾಯದಲ್ಲಿ ಇನ್ನೊಂದು ಮಾತಿದೆ. ಜನರಿಗೆ ಕಾಣಲಿ ಅಂತ ಮಾಡಿದವರು ತಮ್ಮ ಪ್ರತಿಫಲವನ್ನು ಆಗಲೇ ಪಡೆದಿದ್ದಾರೆ ಅಂತ. ಆ ಕಾಲದಲ್ಲಿ ರಸೀದಿಗಳ ಮೇಲೆ 'ಹಣ ಪೂರ್ತಿ ಸಂದಿದೆ' ಅಂತ ಬರೆಯಲು ಬಳಸುತ್ತಿದ್ದ ಗ್ರೀಕ್ ಪದವೇ ಅಲ್ಲಿ ಇರುವುದು. ನನ್ನ 2,200 ರೂಪಾಯಿಗೆ ಚಪ್ಪಾಳೆ ಸಿಕ್ಕಿತು. ಲೆಕ್ಕ ಅಲ್ಲಿಗೇ ಚುಕ್ತಾ.

ಒಂದನೇ ಹೆಜ್ಜೆ: ಒಂದು ವಾರ ಸುಮ್ನೆ ಬರೆದಿಡಿ

ಏನನ್ನೂ ಬದಲಾಯಿಸಬೇಡಿ. ಹೊಸ ತೀರ್ಮಾನ ಬೇಡ, ಹರಕೆ ಬೇಡ. ಒಂದು ಚಿಕ್ಕ ಪುಸ್ತಕ ತಗೊಂಡು ಏಳು ದಿನ ರಾತ್ರಿ ಮಲಗುವ ಮುಂಚೆ ಹತ್ತು ನಿಮಿಷ ಬರೆಯಿರಿ. ಇವತ್ತು ಯಾರ್ಯಾರು ನನ್ನ ಹತ್ತಿರ ಏನು ಕೇಳಿದರು, ನಾನು ಏನು ಹೇಳಿದೆ? ಯಾರೂ ನೋಡದಿದ್ದಾಗ ಹೇಗೆ ನಡೆದುಕೊಂಡೆ? ದೇವರ ಹೆಸರೆತ್ತಿ ಆಡಿದ ಮಾತಿನಲ್ಲಿ ಎಷ್ಟು ಮನಸ್ಸಿನಿಂದ ಬಂದದ್ದು?

ಮೂರನೇ ಪ್ರಶ್ನೆ ನನ್ನನ್ನು ಜಾಸ್ತಿ ಕಾಡಿತು. ಆ ವಾರ ಐದು ಜನರಿಗೆ "ಪ್ರಾರ್ಥನೆಯಲ್ಲಿ ನೆನೆಸಿಕೊಳ್ತೇನೆ" ಅಂದಿದ್ದೆ. ನೆನೆಸಿಕೊಂಡದ್ದು ಒಬ್ಬರನ್ನು. ಆಗದ ಕೆಲಸಕ್ಕೆ "ದೇವರ ಚಿತ್ತ ಇಲ್ಲ" ಅಂದಿದ್ದೆ. ನಿಜವಾಗಿ ನನಗೆ ಮನಸ್ಸಿರಲಿಲ್ಲ. ಫೋನೆತ್ತಿದ ಕೂಡಲೇ "ಪ್ರೈಸ್ ದ ಲಾರ್ಡ್" ಅನ್ನುತ್ತಿದ್ದೆ, ಆ ಕಡೆ ಇರುವವರ ಮೇಲೆ ಸಿಟ್ಟಿದ್ದಾಗಲೂ.

ದಿನದ ಕೊನೆಗೆ ಹೀಗೆ ಕೂತು ನೋಡುವುದು ಹೊಸ ಪದ್ಧತಿಯೇನಲ್ಲ. ಯೇಸುಸಭೆ ಅನ್ನುವ ಕ್ಯಾಥೊಲಿಕ್ ಗುರುಗಳ ಸಂಘವನ್ನು ಕಟ್ಟಿದ ಇಗ್ನೇಷಿಯಸ್ ಲೊಯೋಲ 16ನೇ ಶತಮಾನದಲ್ಲೇ ತಮ್ಮವರಿಗೆ ಇದನ್ನು ಕಲಿಸಿದ್ದರು. ಅವರ ಕ್ರಮದಲ್ಲಿ ನನಗೆ ಇಷ್ಟವಾದದ್ದು ಒಂದಿದೆ. ತಪ್ಪು ಎಣಿಸುವ ಮುಂಚೆ ಅವತ್ತಿನ ದಿನಕ್ಕೆ ಕೃತಜ್ಞತೆ ಹೇಳಬೇಕು. ಹಾಗೆ ಶುರು ಮಾಡಿದರೆ ಪುಸ್ತಕ ತೆರೆಯಲು ಹೆದರಿಕೆಯಾಗುವುದಿಲ್ಲ. ಆ ಪುಸ್ತಕ ಯಾರಿಗೂ ತೋರಿಸಬೇಡಿ. ವಾರ ಮುಗಿದ ಮೇಲೆ ಬೇಕಾದರೆ ಒಲೆಗೆ ಹಾಕಿ.

ಎರಡನೇ ಹೆಜ್ಜೆ: ಬಾಕಿ ತೀರಿಸಿ

ಇದು ಎಲ್ಲಕ್ಕಿಂತ ಮುಖ್ಯ ಅಂತ ನನ್ನ ಅಭಿಪ್ರಾಯ. ಪ್ರಾರ್ಥನೆಗಿಂತ ಮುಂಚೆ ಇದನ್ನು ಇಟ್ಟಿದ್ದಕ್ಕೆ ಕೆಲವರಿಗೆ ಬೇಸರವಾಗಬಹುದು. ಆದರೆ ಜನರಿಂದ ಸುಂಕ ವಸೂಲಿ ಮಾಡುತ್ತಿದ್ದ ಯೆರಿಕೋವಿನ ಜಕ್ಕಾಯನ ಕಥೆ ನೋಡಿ. ಯೇಸು ಅವನ ಮನೆಗೆ ಬಂದಾಗ ಅವನು ಹಾಡು ಹಾಡಲಿಲ್ಲ, ದೇವರ ಬಗ್ಗೆ ಸಾಕ್ಷಿ ಹೇಳಲಿಲ್ಲ. ಎದ್ದು ನಿಂತು ಲೆಕ್ಕ ಹೇಳಿದ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್ಸು. ತಾನೇ ಒಪ್ಪಿಕೊಂಡು ಹಿಂದಿರುಗಿಸುವವನಿಗೆ ಮೋಶೆಯ ಧರ್ಮಶಾಸ್ತ್ರದಲ್ಲಿ ಇದ್ದ ನಿಯಮ ಇಷ್ಟೇ: ಅಸಲು, ಅದರ ಮೇಲೆ ಐದನೇ ಒಂದು ಪಾಲು. ನಾಲ್ಕರಷ್ಟು ಅನ್ನುವುದು ಕುರಿ ಕದ್ದು ಕೊಯ್ದವನಿಗೋ ಮಾರಿದವನಿಗೋ ಇದ್ದ ದಂಡ. ಜಕ್ಕಾಯ ತನಗೆ ತಾನೇ ಕಳ್ಳನ ದಂಡ ಹಾಕಿಕೊಂಡ. ಈ ಮನೆಗೆ ರಕ್ಷಣೆ ಬಂತು ಅಂತ ಯೇಸು ಹೇಳಿದ್ದು ಅದಾದ ಮೇಲೆ.

ಈಗ ಕೆಲಸಕ್ಕೆ ಬರೋಣ. ಒಂದು ಹಾಳೆಯಲ್ಲಿ ನೀವು ಹಣ ಕೊಡಬೇಕಾದ ಎಲ್ಲರ ಹೆಸರು ಬರೆಯಿರಿ. ಮನೆಕೆಲಸದವರು, ತೋಟದ ಕೆಲಸದವರು, ಡ್ರೈವರ್, ಪೇಪರ್ ಹಾಕುವ ಹುಡುಗ, ಇಸ್ತ್ರಿಯವರು, ಮೀನಿನವರು, ಅಂಗಡಿಯ ಉದ್ರಿ. ನೆಂಟರಿಂದ ತಂದ ಕೈಸಾಲ ಮರೆಯಬೇಡಿ. ಅವರು ಕೇಳುವುದಿಲ್ಲ ಅಂತಲೇ ಅದು ಹಾಗೇ ಉಳಿದಿರುತ್ತದೆ. ಒಂದೊಂದು ಹೆಸರಿನ ಮುಂದೆ ಎಷ್ಟು ಬಾಕಿ, ಎಷ್ಟು ದಿನದಿಂದ ಅಂತ ಬರೆಯಿರಿ.

ಚಿಕ್ಕ ಮೊತ್ತಗಳನ್ನು ಅದೇ ದಿನ ಕೊಟ್ಟುಬಿಡಿ. ದೊಡ್ಡದಕ್ಕೆ ಕೈಯಲ್ಲಿ ಇಲ್ಲದಿದ್ದರೆ ಅವರು ಬಂದು ಕೇಳುವ ಮುಂಚೆ ನೀವೇ ಹೋಗಿ. "ಬರುವ ವಾರ ನೋಡುವ" ಅನ್ನಬೇಡಿ. "ಈ ತಿಂಗಳು 10ಕ್ಕೆ ಸಾವಿರ, ಬರುವ ತಿಂಗಳು 10ಕ್ಕೆ ಉಳಿದದ್ದು" ಅಂತ ದಿನಾಂಕ ಹೇಳಿ. ಬಾಕಿ ಇಟ್ಟವರ ಮನೆಬಾಗಿಲಿಗೆ ಹೋಗಿ ಕೈ ಚಾಚುವುದು ಎಷ್ಟು ಕಷ್ಟ ಅಂತ ಕೊಡುವವರಿಗೆ ಗೊತ್ತಾಗುವುದೇ ಇಲ್ಲ. ಆ ನಡಿಗೆಯನ್ನು ಅವರಿಂದ ತಪ್ಪಿಸಿ. ಬಡ ಕೂಲಿಯವನಿಗೆ ಹೊತ್ತು ಮುಳುಗುವ ಮುಂಚೆ ಕೂಲಿ ಕೊಡು, ಅವನ ಜೀವ ಅದರ ಮೇಲೆ ನಿಂತಿದೆ ಅಂತ ಧರ್ಮೋಪದೇಶಕಾಂಡದ 24ನೇ ಅಧ್ಯಾಯ ಹೇಳುತ್ತದೆ.

ಕೂಲಿ ತೀರಿಸಿದ ಮೇಲೆ ಇನ್ನೂ ಸ್ವಲ್ಪ ನೋಡಿ. ಮನೆಕೆಲಸದ ಅಕ್ಕನಿಗೆ ವಾರಕ್ಕೆ ಒಂದು ದಿನ ರಜೆ ಇದೆಯಾ? ಜ್ವರ ಬಂದು ಎರಡು ದಿನ ಬರದಿದ್ದರೆ ಸಂಬಳ ಹಿಡಿಯುತ್ತೀರಾ? ಕ್ರಿಸ್ಮಸ್ ಸಮಯದಲ್ಲಿ ನೆರೆಮನೆಗಳಿಗೆ ಕುಸ್ವಾರ್, ಅಂದರೆ ಹಬ್ಬದ ತಿಂಡಿಗಳ ತಟ್ಟೆ ಸಿಂಗರಿಸಿ ಕಳಿಸುತ್ತೇವೆ. ಆ ಅಕ್ಕನಿಗೆ ಸಿಗುವುದು ಒಡೆದ ರೋಸ್ ಕುಕ್ಕಿಯಾ? ಅವರಿಗೆ ಚಾ ಕೊಡುವ ಲೋಟ ಬೇರೆ ಇಟ್ಟಿದ್ದೀರಾ? ಎಷ್ಟೋ ಕ್ರೈಸ್ತ ಮನೆಗಳಲ್ಲಿ ಆ ಲೋಟ ಇನ್ನೂ ಹಿತ್ತಲಿನ ಕಿಟಕಿಯಲ್ಲೇ ಇದೆ. ಒಂದೇ ಪಾತ್ರೆಯಿಂದ ಕರ್ತನ ಭೋಜನ ತೆಗೆದುಕೊಳ್ಳುವ ನಾವು ಆ ಲೋಟವನ್ನು ಇವತ್ತೇ ಒಳಗೆ ತಂದು ಬೇರೆ ಲೋಟಗಳ ಜೊತೆ ಇಡಬೇಕು.

ನೀವು ಯಾರಿಗೂ ಸಂಬಳ ಕೊಡುವ ಸ್ಥಿತಿಯಲ್ಲಿ ಇಲ್ಲದಿದ್ದರೂ ಈ ಹೆಜ್ಜೆ ನಿಮಗಿದೆ. ತೆರಿಗೆ ಉಳಿಸಲು ಕೊಟ್ಟ ಸುಳ್ಳು ಬಾಡಿಗೆ ರಸೀದಿ, ಆಫೀಸಿಗೆ ಕೊಟ್ಟ ಸುಳ್ಳು ಮೆಡಿಕಲ್ ಬಿಲ್, ಸ್ನೇಹಿತನ ಕಡೆಯಿಂದ ತಂದು ವಾಪಸ್ಸು ಕೊಡದ ಪುಸ್ತಕ. ಎಲ್ಲಿ ಸರಿಪಡಿಸಲು ಆಗುತ್ತದೋ ಅಲ್ಲಿ ಸರಿಪಡಿಸಿ.

ನಂಬಿಕೆಗೂ ದುಡಿಮೆಗೂ ನಂಟು ನಮ್ಮ ಕಡೆ ಹೊಸದಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು. ಕ್ರೈಸ್ತರಾದ ಕಾರಣಕ್ಕೆ ಮನೆಯೂ ಕಸುಬೂ ತಪ್ಪಿಹೋದ ಜನರನ್ನು ಬರೀ ಪ್ರಾರ್ಥನೆ ಹೇಳಿ ಕಳಿಸಲು ಆಗಲಿಲ್ಲ. ನೇಯ್ಗೆ ಶುರುವಾಯಿತು. 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಬಂತು. ಹಂಚಿನ ಮಾಡಿನ ಹಳೆಯ ದೇವಾಲಯದಲ್ಲಿ ಕೂತಾಗ ನಾನು ಒಮ್ಮೆ ತಲೆಯೆತ್ತಿ ನೋಡುತ್ತೇನೆ. ನೆರಳು ಕೊಟ್ಟಿರುವುದು ಯಾರದೋ ದುಡಿಮೆ.

ಮೂರನೇ ಹೆಜ್ಜೆ: ಬಾಗಿಲು ಮುಚ್ಚಿ

ಸಭೆಯಲ್ಲಿ ಎದ್ದು ಪ್ರಾರ್ಥಿಸುವುದು ತಪ್ಪಲ್ಲ. ಆದರೆ ಒಂಟಿಯಾಗಿ ಪ್ರಾರ್ಥಿಸುವುದಕ್ಕಿಂತ ಎದ್ದು ಪ್ರಾರ್ಥಿಸುವುದೇ ಜಾಸ್ತಿಯಾಗಿದ್ದರೆ ಯೋಚಿಸಬೇಕು. ಕೆಲವರಿಗೆ, ನನ್ನನ್ನೂ ಸೇರಿಸಿ, ಎದ್ದು ನಿಂತ ಕೂಡಲೇ ಸ್ವರವೇ ಬದಲಾಗುತ್ತದೆ. ಮಾತು ಗ್ರಾಂಥಿಕವಾಗುತ್ತದೆ. ಪಕ್ಕದಲ್ಲಿ ಕೂತವರು ಏನಂದುಕೊಳ್ಳುತ್ತಾರೆ ಅಂತ ಒಂದು ಕಿವಿ ಅಲ್ಲೇ ಇರುತ್ತದೆ.

ಇದಕ್ಕೆ ಒಂದು ತಿಂಗಳ ಅಭ್ಯಾಸ ಹೇಳುತ್ತೇನೆ. ದಿನಕ್ಕೆ ಹತ್ತು ನಿಮಿಷ. ಫೋನು ಬೇರೆ ಕೋಣೆಯಲ್ಲಿ. ನಿಮ್ಮ ಅಮ್ಮನ ಜೊತೆ ಯಾವ ಭಾಷೆಯಲ್ಲಿ ಮಾತಾಡುತ್ತೀರೋ ಅದೇ ಭಾಷೆ. ತುಳುವಾದರೆ ತುಳು, ಕೊಂಕಣಿಯಾದರೆ ಕೊಂಕಣಿ, ಧಾರವಾಡದ ಕನ್ನಡವಾದರೆ ಅದು. ಸತ್ಯವೇದದ ಒಂದು ಕೀರ್ತನೆ ನಿಧಾನವಾಗಿ ಓದಿ. 150 ಕೀರ್ತನೆಗಳಿವೆ. ಅವುಗಳಲ್ಲಿ ಅಳು, ಸಿಟ್ಟು, ಅಸೂಯೆ, ಹೆದರಿಕೆ ಎಲ್ಲವೂ ಇದೆ. 13ನೇ ಕೀರ್ತನೆ "ಇನ್ನೆಷ್ಟು ಕಾಲ" ಅಂತ ದೇವರನ್ನೇ ಕೇಳುತ್ತದೆ. 88ನೆಯದು ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೂ ಬೆಳಕು ಬರುವುದಿಲ್ಲ. ಅಂಥ ಪ್ರಾರ್ಥನೆಯನ್ನೂ ದೇವರು ತನ್ನ ಪುಸ್ತಕದಲ್ಲಿ ಇಟ್ಟುಕೊಂಡಿದ್ದಾನೆ. ಹಾಗಿರುವಾಗ ನಾವು ಅವನ ಮುಂದೆ ಚೆಂದ ಮಾಡಿ ಮಾತಾಡುವ ಅಗತ್ಯ ಏನಿದೆ?

ಯಾರಾದರೂ ಪ್ರಾರ್ಥನೆ ಕೇಳಿಕೊಂಡರೆ ಅಲ್ಲೇ, ನಿಂತಲ್ಲೇ ಒಂದು ವಾಕ್ಯದಲ್ಲಿ ಪ್ರಾರ್ಥಿಸಿಬಿಡಿ. ಫೋನಿನಲ್ಲಿ ಕೇಳಿದರೆ ಫೋನಿಡುವ ಮುಂಚೆ. ಇದೊಂದು ರೂಢಿಯಿಂದ ನನ್ನ ಎಷ್ಟೋ ಸುಳ್ಳು ನಿಂತುಹೋಯಿತು.

ಮನಸ್ಸು ಒಣಗಿದ ದಿನಗಳು ಬರುತ್ತವೆ. ಪ್ರಾರ್ಥಿಸಿದರೆ ಗೋಡೆಗೆ ಹೇಳಿದ ಹಾಗೆ ಅನಿಸುತ್ತದೆ. ಆಗ ನಟಿಸುವ ಆಸೆ ಜಾಸ್ತಿ. ಮದರ್ ತೆರೇಸಾ ಅವರ ಖಾಸಗಿ ಪತ್ರಗಳು 2007ರಲ್ಲಿ, ಅವರು ತೀರಿಕೊಂಡ ಹತ್ತು ವರ್ಷಕ್ಕೆ, ಹೊರಬಂದವು. ದೇವರು ಹತ್ತಿರ ಇದ್ದಾನೆ ಅಂತ ಅನಿಸದೆ ದಶಕಗಳನ್ನೇ ಕಳೆದಿದ್ದೇನೆ ಅಂತ ಅವರು ತಮ್ಮ ಆತ್ಮಿಕ ಗುರುಗಳಿಗೆ ಬರೆದಿದ್ದರು. ಆದರೂ ಬೆಳಿಗ್ಗೆ ಎದ್ದು ಸಾಯುತ್ತಿರುವವರ ಗಾಯ ತೊಳೆಯುವುದನ್ನು ಬಿಡಲಿಲ್ಲ. ಮನಸ್ಸಿನಲ್ಲಿ ಇಲ್ಲದ ಭಾವನೆ ಇದೆ ಅಂತ ತೋರಿಸುವುದು ನಟನೆ. ಭಾವನೆ ಇಲ್ಲದ ದಿನವೂ ಮಾಡಬೇಕಾದ್ದನ್ನು ಮಾಡುವುದು ನಿಷ್ಠೆ. ಇವೆರಡನ್ನೂ ಒಂದೇ ಅಂದುಕೊಂಡು ಎಷ್ಟೋ ಒಳ್ಳೆಯ ಜನ ತಮ್ಮನ್ನು ತಾವೇ ಕಪಟಿಗಳು ಅಂತ ಬೈದುಕೊಳ್ಳುತ್ತಾರೆ. ಹಾಗೆ ಮಾಡಬೇಡಿ. ಒಬ್ಬರ ಹತ್ತಿರವಾದರೂ "ನನಗೆ ಈಗ ಪ್ರಾರ್ಥಿಸಲು ಆಗ್ತಾ ಇಲ್ಲ" ಅಂತ ಹೇಳಿಕೊಳ್ಳಿ.

ನಾಲ್ಕನೇ ಹೆಜ್ಜೆ: ಮನೆಯವರನ್ನು ಕೇಳಿ

ಇದಕ್ಕೆ ಧೈರ್ಯ ಬೇಕು. ಒಂದು ಸಂಜೆ, ಟಿವಿ ಆರಿಸಿ, ಹೆಂಡತಿ ಅಥವಾ ಗಂಡನ ಹತ್ತಿರ, ದೊಡ್ಡ ಮಕ್ಕಳಿದ್ದರೆ ಅವರ ಹತ್ತಿರ ಕೇಳಿ: "ಭಾನುವಾರದ ನಾನು, ಸೋಮವಾರದ ನಾನು ಬೇರೆ ಬೇರೆ ಅಂತ ನಿಮಗೆ ಯಾವಾಗ ಅನಿಸುತ್ತದೆ?" ಕೇಳಿದ ಮೇಲೆ ಸುಮ್ಮನಿರಿ. "ಅದು ಹಾಗಲ್ಲ" ಅಂತ ಶುರು ಮಾಡಿದರೆ ಅಲ್ಲಿಗೆ ಮುಗಿಯಿತು. ಇನ್ನು ಹತ್ತು ವರ್ಷ ಅವರು ಬಾಯಿ ಬಿಡುವುದಿಲ್ಲ.

ನನ್ನ ಹೆಂಡತಿ ಸ್ವಲ್ಪ ಹೊತ್ತು ಯೋಚಿಸಿ ಹೇಳಿದಳು: "ಮನೆ ಪ್ರಾರ್ಥನೆಗೆ ಜನ ಬಂದಾಗ ನೀವು ನನ್ನನ್ನು ಹೆಸರು ಹಿಡಿದು ಕರೀತೀರಿ. ಅವರು ಹೋದ ಮೇಲೆ 'ಏಯ್' ಅಂತೀರಿ." ನನಗೆ ಅದು ಗೊತ್ತೇ ಇರಲಿಲ್ಲ. ದೊಡ್ಡ ಪಾಪಗಳ ಪಟ್ಟಿ ಹಿಡಿದು ಕೂತಿದ್ದೆ. ಅವಳು ಹೇಳಿದ್ದು ಒಂದು ಕರೆಯ ಬಗ್ಗೆ.

ಸಿಕ್ಕಿದ ಉತ್ತರದಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಿ. ಆರು ವಾರ ಅದರ ಮೇಲೆ ಕೆಲಸ ಮಾಡಿ. ಆಮೇಲೆ ಮತ್ತೆ ಕೇಳಿ. ಒಂದು ಎಚ್ಚರ: ಮನೆಯಲ್ಲಿ ಹೊಡೆತ, ಬೆದರಿಕೆ ಇರುವ ಕಡೆ ಇಂಥ ಪ್ರಶ್ನೆ ಕೇಳುವುದೇ ಇನ್ನೊಂದು ಹಿಂಸೆಯಾಗುತ್ತದೆ. ಅಲ್ಲಿ ಮೊದಲು ಬೇಕಾದ್ದು ಹೊಡೆಯುವುದನ್ನು ನಿಲ್ಲಿಸುವುದು, ಹೊರಗಿನವರ ಸಹಾಯ ಪಡೆಯುವುದು.

ಐದನೇ ಹೆಜ್ಜೆ: ಹೋಗಿ ಕ್ಷಮೆ ಕೇಳಿ

ಮತ್ತಾಯ 5ರಲ್ಲಿ ಯೇಸು ಹೇಳುತ್ತಾರೆ: ಕಾಣಿಕೆಯನ್ನು ಯಜ್ಞವೇದಿಯ ಹತ್ತಿರ ತಂದಾಗ ನಿನ್ನ ಸಹೋದರನಿಗೆ ನಿನ್ನ ಮೇಲೆ ಬೇಸರ ಇದೆ ಅಂತ ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗಿ ಅವನ ಜೊತೆ ಸರಿಮಾಡಿಕೊಂಡು ಬಾ. ಕೇಳುತ್ತಿದ್ದ ಜನ ಗಲಿಲಾಯದವರು. ಯಜ್ಞವೇದಿ ಇದ್ದದ್ದು ಯೆರೂಸಲೇಮಿನಲ್ಲಿ, ಸುಮಾರು 120 ಕಿಲೋಮೀಟರ್ ದೂರ. ನಡೆದು ಹೋಗಲು ಮೂರು ನಾಲ್ಕು ದಿನ. ಅಷ್ಟು ದೂರ ಹೋದವನು ಕಾಣಿಕೆ ಅಲ್ಲೇ ಬಿಟ್ಟು ಊರಿಗೆ ವಾಪಸ್ಸು ನಡೆದು, ಕ್ಷಮೆ ಕೇಳಿ, ಮತ್ತೆ ನಡೆದು ಬರಬೇಕು! ನಮ್ಮ ನಡುವೆ ಮಾತು ಬಿಟ್ಟಿರುವ ಅಣ್ಣತಮ್ಮಂದಿರ ಮನೆಗಳಿಗೆ ಮಧ್ಯೆ ಇರುವುದು ಒಂದು ಬೇಲಿ.

ಕ್ಷಮೆ ಕೇಳುವಾಗ ಮಾತು ಚಿಕ್ಕದಾಗಿರಲಿ. "ನಾನು ಹೀಗೆ ಮಾಡಿದೆ. ಅದು ತಪ್ಪು. ನಿಮಗೆ ಇಷ್ಟು ನಷ್ಟವಾಯಿತು. ಇದನ್ನು ಹೀಗೆ ಸರಿ ಮಾಡುತ್ತೇನೆ." 'ಬೇಜಾರಾಗಿದ್ದರೆ ಕ್ಷಮಿಸಿ' ಅನ್ನುವುದು ಕ್ಷಮೆಯಲ್ಲ, ಬೇಜಾರನ್ನು ಅವರ ತಲೆಗೆ ಕಟ್ಟುವುದು. ಕ್ಷಮಿಸಲೇಬೇಕು ಅಂತ ವಚನ ಹೇಳಿ ಒತ್ತಾಯ ಮಾಡಬೇಡಿ. ಅವರು ಬಾಗಿಲು ಹಾಕಿಕೊಂಡರೂ ನೀವು ಹೇಳಿದ್ದು ನಿಜವಾಗಿಯೇ ಉಳಿಯುತ್ತದೆ.

ಅನ್ಯಾಯಕ್ಕೆ ಒಳಗಾದವರು ನೀವಾಗಿದ್ದರೆ, ನಾಲ್ಕು ಜನರ ಮುಂದೆ ಕ್ಷಮಿಸಿದೆ ಅಂತ ಹೇಳಿಸಿಕೊಳ್ಳಲು ಒಪ್ಪಬೇಡಿ. ಒಡಿಶಾದಲ್ಲಿ ಕುಷ್ಠರೋಗಿಗಳ ಸೇವೆಗೆ ಆಸ್ಟ್ರೇಲಿಯಾದಿಂದ ಬಂದಿದ್ದ ಗ್ಲಾಡಿಸ್ ಸ್ಟೇನ್ಸ್ ಅವರ ಗಂಡ ಗ್ರಹಾಂ ಮತ್ತು ಇಬ್ಬರು ಚಿಕ್ಕ ಗಂಡುಮಕ್ಕಳನ್ನು 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಗಾಡಿಯೊಳಗೇ ಸುಟ್ಟು ಕೊಂದರು. ಅವರು ಕ್ಷಮಿಸಿದ್ದೇನೆ ಅಂದರು. ಒಡಿಶಾದಲ್ಲೇ ಉಳಿದು ಕುಷ್ಠರೋಗಿಗಳ ಸೇವೆ ಮುಂದುವರಿಸಿದರು. ಹಾಗಂತ ಕೋರ್ಟಿನ ಕೆಲಸ ನಿಲ್ಲಲಿಲ್ಲ, 2003ರಲ್ಲಿ ತಪ್ಪಿತಸ್ಥರಿಗೆ ಶಿಕ್ಷೆಯಾಯಿತು. ಕ್ಷಮೆ ಅವರ ಮನಸ್ಸಿನಿಂದ ಬಂದದ್ದು. ಯಾರೂ ಅದನ್ನು ಅವರಿಂದ ಕಿತ್ತುಕೊಳ್ಳಲಿಲ್ಲ.

ಆರನೇ ಹೆಜ್ಜೆ: ಹೆಸರಿಲ್ಲದೆ ಕೊಡಿ

ಕೆಲವು ದೇವಾಲಯಗಳಲ್ಲಿ ಫ್ಯಾನಿನ ರೆಕ್ಕೆಯ ಮೇಲೂ ದಾನಿಗಳ ಹೆಸರಿರುತ್ತದೆ. ನಿಮ್ಮ ಮುಂದಿನ ಮೂರು ಕೊಡುಗೆಗಳನ್ನು ಹೆಸರಿಲ್ಲದೆ ಕೊಟ್ಟು ನೋಡಿ. ಫೋಟೋ ಬೇಡ, ವಾಟ್ಸಾಪ್ ಸ್ಟೇಟಸ್ ಬೇಡ, ಸಾಕ್ಷಿಯಲ್ಲಿ ಬಾಯಿತಪ್ಪಿ ಹೇಳುವುದೂ ಬೇಡ. ಆಸ್ಪತ್ರೆ ಬಿಲ್ ಕಟ್ಟುವುದಾದರೆ ಕೌಂಟರಿನಲ್ಲಿ ಕಟ್ಟಿ ಬನ್ನಿ. ಕೊಡುವ ಮನಸ್ಸು ಹೆಸರಿಲ್ಲದಿದ್ದಾಗ ಕಡಿಮೆಯಾಗುತ್ತದೆಯಾ ಅಂತ ಗಮನಿಸಿ. ನನಗೆ ಮೊದಲ ಸಲ ಕಡಿಮೆಯಾಯಿತು. ಆಗ ನಾನು ಇಷ್ಟು ವರ್ಷ ಯಾವುದಕ್ಕೆ ಕೊಡುತ್ತಿದ್ದೆ ಅಂತ ಗೊತ್ತಾಯಿತು.

ಹೊಲ ಮಾರಿದ ಹಣದ ಬಗ್ಗೆ ಸುಳ್ಳು ಹೇಳಿ ಬಿದ್ದು ಸತ್ತ ಅನನೀಯ ಮತ್ತು ಸಫೈರ ದಂಪತಿಯ ಕಥೆಯನ್ನು ಕಾಣಿಕೆ ಕಡಿಮೆ ಕೊಟ್ಟವರಿಗೆ ಹೆದರಿಸಲು ಬಳಸುವುದುಂಟು. ಅಪೊಸ್ತಲರ ಕೃತ್ಯಗಳು 5ನೇ ಅಧ್ಯಾಯ ಸರಿಯಾಗಿ ಓದಿ. ಹೊಲ ನಿಮ್ಮದೇ ಆಗಿತ್ತು, ಮಾರಿದ ಹಣವೂ ನಿಮ್ಮ ಕೈಯಲ್ಲೇ ಇತ್ತಲ್ಲ ಅಂತ ಪೇತ್ರ ಕೇಳುತ್ತಾನೆ. ಅರ್ಧ ಕೊಟ್ಟಿದ್ದರೆ ಅರ್ಧ ಅಂತ ಹೇಳಬಹುದಿತ್ತು. ಪೂರಾ ಕೊಟ್ಟ ಹಾಗೆ ತೋರಿಸಿದ್ದೇ ಅವರ ತಪ್ಪು. ಹಾಗಾಗಿ ನಿಮಗೆ ಸಾಧ್ಯವಾದಷ್ಟು ಕೊಡಿ, ಕೊಟ್ಟದ್ದಕ್ಕಿಂತ ಜಾಸ್ತಿ ಕೊಟ್ಟ ಹಾಗೆ ಕಾಣಿಸಬೇಡಿ. ಸಾಲ ಮಾಡಿ ದಶಮಾಂಶ, ಅಂದರೆ ಸಂಪಾದನೆಯ ಹತ್ತನೇ ಒಂದು ಪಾಲು, ಕೊಡುವವರೂ ಇದ್ದಾರೆ. ಅವರು ಮೊದಲು ಸಾಲ ತೀರಿಸಲಿ.

ಏಳನೇ ಹೆಜ್ಜೆ: ಒಬ್ಬರಿಬ್ಬರು ಜೊತೆಗಾರರು

ಒಬ್ಬರೇ ಇದನ್ನು ಮಾಡಲು ಆಗುವುದಿಲ್ಲ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಮೆಥಡಿಸ್ಟ್ ಸಭೆಗಳಿಗೆ ಮೂಲವಾದ ಜಾನ್ ವೆಸ್ಲಿಯವರ ಜನರಿಗೆ ಆರಾಧನೆಯ ಕಟ್ಟಡದ ಸಾಲ ತೀರಿಸಬೇಕಿತ್ತು. ಹನ್ನೆರಡು ಜನಕ್ಕೆ ಒಬ್ಬರಂತೆ ನೇಮಿಸಿ, ವಾರಕ್ಕೆ ಒಂದು ಪೆನ್ನಿ ಕೂಡಿಸಲು ಮನೆಮನೆಗೆ ಕಳಿಸಿದರು. ಹಣಕ್ಕೆ ಹೋದವರಿಗೆ ಮನೆಯೊಳಗಿನ ಬದುಕು ಕಂಡಿತು. ಕುಡಿತ, ಜಗಳ, ಹಸಿವು. ಆ ಭೇಟಿಗಳೇ ಮುಂದೆ ವಾರದ ಚಿಕ್ಕ ಕೂಟಗಳಾದವು. ಅಲ್ಲಿ ಒಬ್ಬರನ್ನೊಬ್ಬರು ಹೇಗಿದ್ದೀರಿ ಅಂತ ನಿಜವಾಗಿ ಕೇಳುತ್ತಿದ್ದರು.

ನಿಮ್ಮ ಗುಂಪು ಇಬ್ಬರು ಮೂವರು ಇದ್ದರೆ ಸಾಕು. ಹೊರಗೆ ಮಾತು ಹೋಗದ ಜನ ಇರಲಿ. ಹದಿನೈದು ದಿನಕ್ಕೊಮ್ಮೆ, ಒಂದು ಗಂಟೆ. ಪ್ರಸಂಗ ಬೇಡ, ಬುದ್ಧಿವಾದ ಬೇಡ. ಈ ಹದಿನೈದು ದಿನ ಎಲ್ಲಿ ನಟಿಸಿದೆ, ಯಾರಿಗೆ ಏನು ಬಾಕಿ ಉಳಿಸಿದೆ, ದೇವರ ದಯೆ ಎಲ್ಲಿ ಕಂಡೆ. ನಾವು ಮೂವರು ಬಸ್ ಸ್ಟ್ಯಾಂಡಿನ ಪಕ್ಕದ ಹೋಟೆಲಿನಲ್ಲಿ ಸೇರುತ್ತೇವೆ. ಮೊದಲ ಎರಡು ಸಲ ಹವಾಮಾನ, ಅಡಿಕೆ ರೇಟು, ಡಯಾಸಿಸ್ (ಧರ್ಮಪ್ರಾಂತ್ಯ) ಚುನಾವಣೆ ಮಾತಾಡಿ ಎದ್ದೆವು. ಮೂರನೇ ಸಲ ಒಬ್ಬರು ಬನ್ಸ್ ಮುರಿಯುತ್ತಾ "ಮಗನ ಜೊತೆ ಎಂಟು ತಿಂಗಳಿಂದ ಮಾತಿಲ್ಲ" ಅಂದರು. ನಾವಿಬ್ಬರೂ ಅವರನ್ನು ಇಪ್ಪತ್ತು ವರ್ಷದಿಂದ ಬಲ್ಲೆವು. ಅವರಿಗೆ ಅಷ್ಟು ಕಷ್ಟ ಇದೆ ಅಂತ ಗೊತ್ತಿರಲಿಲ್ಲ.

ಎಂಟನೇ ಹೆಜ್ಜೆ: ಸಭೆಯೊಳಗೆ ಬಾಯಿ ಬಿಡಿ

ಇಷ್ಟೆಲ್ಲ ಶುರು ಮಾಡಿದ ಮೇಲೆ ಸಭೆಯ ಬಗ್ಗೆ ಕೋಪ ಬರುತ್ತದೆ. ಎಲ್ಲರೂ ಕಪಟಿಗಳು ಅನಿಸುತ್ತದೆ. ಬಿಟ್ಟು ಹೋಗುವ ಮುಂಚೆ ಲೂಕ 18ರಲ್ಲಿ ಬರುವ, ಧರ್ಮನಿಷ್ಠ ಅಂತ ಹೆಮ್ಮೆಪಡುವ ಫರಿಸಾಯನನ್ನು ನೆನೆಸಿಕೊಳ್ಳಿ. ನಾನು ಆ ಸುಂಕದವನ ಹಾಗಲ್ಲ ಅಂತ ಅವನು ದೇವರಿಗೆ ಕೃತಜ್ಞತೆ ಹೇಳಿದ. ನಾನು ಆ ಫರಿಸಾಯನ ಹಾಗಲ್ಲ ಅಂತ ಹೇಳುವುದೂ ಅದೇ ಪ್ರಾರ್ಥನೆ.

ಉಳಿಯಿರಿ, ಆದರೆ ಎರಡು ವಿಷಯದಲ್ಲಿ ಸುಮ್ಮನಿರಬೇಡಿ. ಒಂದು ಜಾತಿ. ಕ್ರೈಸ್ತರ ವಧು-ವರರ ಜಾಹೀರಾತಿನಲ್ಲೂ ಜಾತಿ ಇಣುಕುತ್ತದೆ. ಬಂಗಾರದುಂಗುರದವನಿಗೆ ಒಳ್ಳೆಯ ಜಾಗ, ಬಡವನಿಗೆ ಕಾಲ ಬಳಿ ಅಂತ ಮಾಡುವ ಸಭೆಯನ್ನು ಯಾಕೋಬ ನೇರವಾಗಿ ಬೈಯುತ್ತಾನೆ. ನಿಮ್ಮ ಮಗ, ಮಗಳ ಮದುವೆ ಮಾತು ಬಂದಾಗ ಆ ಪ್ರಶ್ನೆಯನ್ನೇ ಕೇಳಬೇಡಿ. ಮನೆಯ ಹಿರಿಯರಿಗೆ "ಅದು ನಮಗೆ ಬೇಡ" ಅಂತ ಹೇಳಿ. ಎರಡನೆಯದು ಮುಚ್ಚಿಹಾಕುವುದು. ಲೆಕ್ಕದಲ್ಲಿ ಹಣ ಕಾಣೆಯಾದರೆ, ಮಗುವೊಂದು ದೊಡ್ಡವರೊಬ್ಬರ ಬಗ್ಗೆ ದೂರು ಹೇಳಿದರೆ, "ದೇವರ ನಾಮಕ್ಕೆ ಅವಮಾನ" ಅಂತ ಬಾಯಿ ಮುಚ್ಚಿಸುತ್ತಾರೆ. ಹಣದ ವಿಷಯವನ್ನು ಸಭೆಯ ಕೂಟದಲ್ಲಿ ಎತ್ತಿ. ಮಗುವಿನ ವಿಷಯಕ್ಕೆ ಕಾಯಬೇಡಿ. ಪೊಲೀಸರಿಗೆ ಅಥವಾ 1098 ಮಕ್ಕಳ ಸಹಾಯವಾಣಿಗೆ ಹೇಳಿ. ಅಂಥ ದೂರನ್ನು ತಿಳಿಸಲೇಬೇಕು ಅಂತ ಕಾನೂನೇ ಇದೆ.

ಎಡವಿದಾಗ

ಎಡವುತ್ತೀರಿ. ಆಗ ದೊಡ್ಡ ಪಶ್ಚಾತ್ತಾಪದ ಸಭೆ ಬೇಡ. ಗೊತ್ತಾದ ದಿನವೇ, ಕತ್ತಲಾಗುವ ಮುಂಚೆ, ಆಗಬೇಕಾದ್ದನ್ನು ಮಾಡಿ.

ಕಳೆದ ತಿಂಗಳು ನಾನೇ ಮತ್ತೆ ತಪ್ಪಿದೆ. ಕಾಯಿ ಕೀಳಿಸಿದ ದಿನ ಮನೆಯಲ್ಲಿ ನೆಂಟರಿದ್ದರು. ಸಂಜೆ ಕೊಡುತ್ತೇನೆ ಅಂದವನು ಮೂರು ದಿನ ಮರೆತೆ. ನೆನಪಾದ ಕೂಡಲೇ ಹಣ ತಗೊಂಡು ಆ ತೆಂಗಿನ ಮರ ಹತ್ತುವವರ ಮನೆಗೆ ಹೋದೆ. ಅಷ್ಟು ವರ್ಷದಲ್ಲಿ ಅವರ ಮನೆಗೆ ನಾನು ಹೋದದ್ದು ಅದೇ ಮೊದಲು. ಅವರು ಹಟ್ಟಿಯಲ್ಲಿ ದನಕ್ಕೆ ಹುಲ್ಲು ಹಾಕುತ್ತಿದ್ದರು. "ಮೂರು ದಿನ ತಡವಾಯಿತು, ನನ್ನ ತಪ್ಪು" ಅಂದೆ. ಕೈ ಒರೆಸಿಕೊಂಡು ಹಣ ತೆಗೆದುಕೊಂಡರು, ಎಣಿಸಲಿಲ್ಲ. "ಕೂತುಕೊಳ್ಳಿ" ಅಂದರು. ಅವರ ಹೆಂಡತಿ ಒಳಗಿಂದ ಸ್ಟೀಲ್ ಲೋಟದಲ್ಲಿ ಚಾ ತಂದುಕೊಟ್ಟರು. ಅವರು ಕುಡಿಯುತ್ತಿದ್ದದ್ದೂ ಅಂಥದ್ದೇ ಲೋಟದಲ್ಲಿ. ಮಗಳ ಶಾಲೆಯ ಬಗ್ಗೆ ಕೇಳಿದೆ. ಪಿಯುಸಿ ಮುಗಿಸಿ ಈಗ ನರ್ಸಿಂಗ್ ಓದುತ್ತಿದ್ದಾಳಂತೆ.